ಗಿನಿಪಿಗ್ಗಿನ ಬಟ್ಟಲಿಗೆ ಕಾವಲು

ಅಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಹಿಡಿ ಜೋಳದ ನುಚ್ಚು. ಗಿನಿಪಿಗ್‌ಗಳು ತಿಂದು ಬಿಟ್ಟ ನುಚ್ಚನ್ನು ಸಂಜೆಯೇ ಬಳಿದು ಒಳಗಿಡಬೇಕಿತ್ತು. ಟೈಮ್‌ಕೀಪರ್ರಿಗೆ ಸೋಮಾರಿತನ. 'ಹೇಗೂ ಬೆಳಿಗ್ಗೆ ತಿಂದುಕೊಳ್ಳುತ್ತವೆ' ಎಂದು ಬಟ್ಟಲನ್ನು ಹಿತ್ತಿಲಿನ ಗೂಡಿನಲ್ಲೇ ಬಿಟ್ಟು ಹೋಗಿ ಮಲಗಿದರು. ಬೆಳಿಗ್ಗೆ ತಿನ್ನುವವರೇನೋ ಬಂದರು.

ಮೊದಲು ನೋಡಿದವರು ಮನೆ ಮಾಲೀಕಮ್ಮ. ಒಗೆದ ಬಿಳಿ ಮೇಲುಹಾಸುಗಳ ಬಕೆಟ್ಟು ಹಿಡಿದು ಹಿತ್ತಿಲಿಗೆ ಬಂದವರು ಗೂಡಿನ ಮುಂದೆ ನಿಂತುಬಿಟ್ಟರು.

"ಟೈಮ್‌ಕೀಪರ್ರೇ, ನಿಮ್ಮ ಹಂದಿಮರಿಗಳು ಎಷ್ಟು?"

"ಎರಡಮ್ಮ," ಎಂಬ ಉತ್ತರ ಬಚ್ಚಲಿನಿಂದ ಬಂತು.

"ಬಂದು ಎಣಿಸಿ ನೋಡಿ. ಮೂರಿವೆ. ಒಂದಕ್ಕೆ ಬಾಲ ಬಂದಿದೆ."

ಟೈಮ್‌ಕೀಪರ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. ಬಟ್ಟಲಿನ ಒಂದು ಪಕ್ಕದಲ್ಲಿ ಗುಂಡು, ಇನ್ನೊಂದು ಪಕ್ಕದಲ್ಲಿ ತುಂಟಿ, ನಡುವೆ ಒಂದು ಇಲಿ. ನೆಂಟರ ಮನೆಗೆ ಊಟಕ್ಕೆ ಬಂದ ದೊಡ್ಡಪ್ಪನ ಹಾಗೆ ಹೊಟ್ಟೆ ಇಳಿಬಿಟ್ಟು ಕೂತು, ಎರಡೂ ಕೈಯಲ್ಲಿ ನುಚ್ಚು ಹಿಡಿದು ಮೆಲ್ಲುತ್ತಿತ್ತು. ಮನುಷ್ಯರನ್ನು ಕಂಡು ಅದೇನೂ ಗಾಬರಿಬೀಳಲಿಲ್ಲ. ಕೈಯಲ್ಲಿದ್ದುದನ್ನು ಮುಗಿಸಿತು, ಮೀಸೆ ಒರೆಸಿಕೊಂಡಿತು, ಆಮೇಲೆ ಜಾಲರಿಯ ಮೂಲೆಯ ಸಂದಿನಲ್ಲಿ ನುಸುಳಿ ಕಾಂಪೌಂಡು ಗೋಡೆಯ ಬುಡದಲ್ಲಿ ಸಾವಕಾಶವಾಗಿ ಹೊರಟಿತು.

"ಓಡೋದೂ ಇಲ್ಲ ನೋಡಿ," ಎಂದರು ಮಾಲೀಕಮ್ಮ. "ಬಾಡಿಗೆ ಕೊಟ್ಟವರ ಹಾಗೆ ನಡ್ಕೊಂಡು ಹೋಗ್ತಿದೆ."

ಟೈಮ್‌ಕೀಪರ್ರ ಬಾಯಿ ತುಂಬ ನೊರೆ. ಏನು ಹೇಳಲೂ ಆಗದೆ ತಲೆಯಾಡಿಸಿದರು.

ಹಾಗೆಂದು ಅವರು ಮಾತು ನಡೆಯದ ಮನುಷ್ಯ ಎಂದುಕೊಳ್ಳಬಾರದು. ಬಸ್ ಡಿಪೋದಲ್ಲಿ ಅವರು ಒಮ್ಮೆ ಸೀಟಿ ಊದಿದರೆ ಬಾಗಿಲಿನ ತನಕ ಜನ ತುಂಬಿದ ಬಸ್ಸು ಗುರ್ರೆಂದು ಹೊರಡುತ್ತಿತ್ತು, ಇನ್ನೊಮ್ಮೆ ಊದಿದರೆ ಮೀಸೆ ಹೊತ್ತ ಡ್ರೈವರೂ ಬ್ರೇಕಿನ ಮೇಲೆ ಕಾಲಿಡುತ್ತಿದ್ದ. ಮನೆಯಲ್ಲಿ ಮಾತ್ರ ಆ ಸೀಟಿಗೆ ಓಗೊಡುತ್ತಿದ್ದವು ಎರಡೇ ಜೀವ, ಗುಂಡು ಮತ್ತು ತುಂಟಿ. ಅವರು ಊದಿದರೆ ಅವೂ ಕುಯ್‌ಕುಯ್ ಎಂದು ಊದುತ್ತಿದ್ದವು.

ಆ ದಿನ ಅವರಿಗೆ ವಾರದ ರಜೆ. ಮಾಲೀಕಮ್ಮ ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾತು ಮುಂದುವರಿಸಿದರು.

"ಬೀದಿ ಕಡೆ ಕೋಣೆ ಎಷ್ಟು ಕಾಲದಿಂದ ಖಾಲಿ ಬಿದ್ದಿದೆ ನಿಮಗೆ ಗೊತ್ತು. ಇವತ್ತು ಸಂಜೆ ಹಲ್ಲಿನ ಡಾಕ್ಟ್ರು ನೋಡೋಕೆ ಬರ್ತಿದಾರೆ, ಕ್ಲಿನಿಕ್ ಇಡ್ತಾರಂತೆ. ಕಾರು ನಿಲ್ಲಿಸೋಕೆ ಹಿತ್ತಲನ್ನೂ ತೋರಿಸಿ ಅಂದಿದಾರೆ. ಅವರ ಕಣ್ಣಿಗೆ ಇಲ್ಲಿ ಇಲಿ ಬೇಡ, ಇಲಿ ಬಾಲ ಕಂಡ್ರೂ ಸಾಕು, ನಾಳೆ ಬೆಳಿಗ್ಗೆ ಈ ಗೂಡು ಗೇಟಿನ ಆಚೆ ಇರುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿಜ. ಆದ್ರೆ ಹೆಗ್ಗಣದ ನೆಂಟರನ್ನೆಲ್ಲ ನಾನು ಸಾಕೋಕಾಗಲ್ಲ. ಜಗಳ ಆಡ್ತಿಲ್ಲ, ಹೇಳಿದೀನಿ ಅಷ್ಟೆ."

ಮೇಲುಹಾಸುಗಳನ್ನು ತಂತಿಗೆ ಹರವಿ ಅವರು ಒಳಗೆ ಹೋದರು.

ಈ ಮಾತೆಲ್ಲ ಅಡುಗೆಮನೆಯ ಕಿಟಕಿಯಿಂದ ಟೈಮ್‌ಕೀಪರ್ರ ಹೆಂಡತಿಗೆ ಕೇಳಿಸಿತ್ತು. ಆಕೆ ಆಸ್ಪತ್ರೆಯಲ್ಲಿ ನರ್ಸು. ಜೊತೆಯ ನರ್ಸೊಬ್ಬಳು ವರ್ಗವಾಗಿ ಹೋಗುವಾಗ ಕೊಟ್ಟುಹೋದ ಗಿನಿಪಿಗ್‌ಗಳು ಅವು. ದಿನವಿಡೀ ನರಳುವವರ ನಡುವೆ ಓಡಾಡಿ ಬಂದು, ಚಹಾದ ಲೋಟ ಹಿಡಿದು ಗೂಡಿನ ಮುಂದಿನ ಸ್ಟೂಲಿನ ಮೇಲೆ ಕೂತರೆ ಅವೆರಡೂ ಜಾಲರಿಗೆ ಮುಂಗಾಲಿಟ್ಟು ನಿಂತು ಕುಯ್‌ಗುಟ್ಟುತ್ತಿದ್ದವು. ಇಡೀ ವಾರ್ಡಿನ ದಣಿವು ಅಲ್ಲಿಗೆ ಇಳಿಯುತ್ತದೆ ಎನ್ನುತ್ತಿದ್ದಳು.

"ಕೇಳಿಸ್ತಾ?" ಎಂದರು ಟೈಮ್‌ಕೀಪರ್ರು.

"ಕೇಳಿಸ್ತು," ಎಂದಳು ಆಕೆ, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ. "ಆ ಗೂಡು ಗೇಟಿನ ಆಚೆ ಹೋದ್ರೆ ನಾನೂ ಅದರ ಜೊತೆ ಹೋಗ್ತೀನಿ. ನಮ್ಮಕ್ಕನ ಮನೇಲಿ ಹಿತ್ತಲು ದೊಡ್ಡದಿದೆ."

"ಮತ್ತೆ ನಾನು?"

"ಅಷ್ಟೊಂದು ಜಾಗ ಇಲ್ಲ."

ಇಂಥ ಮಾತನ್ನು ಆಕೆ ಇಂಜೆಕ್ಷನ್ ಚುಚ್ಚುವಷ್ಟೇ ಮೆತ್ತಗೆ ಹೇಳುತ್ತಿದ್ದಳು. ಚುಚ್ಚಿದ್ದು ತಿಳಿಯುವಷ್ಟರಲ್ಲಿ ಆಕೆ ಗೇಟು ದಾಟಿದ್ದಳು.

ಟೈಮ್‌ಕೀಪರ್ರು ಬಾಯಿ ತೊಳೆದು ಯೋಚನೆಗೆ ಕೂತರು. ಇಲಿ ಬರುವುದು ನೆಲದ ಮೇಲೆ. ಬಟ್ಟಲು ನೆಲದ ಮೇಲಿದ್ದರೆ ತಾನೆ ತೊಂದರೆ? ತಮ್ಮ ಬುದ್ಧಿಯನ್ನು ತಾವೇ ಮೆಚ್ಚಿಕೊಂಡು ಬಟ್ಟಲಿಗೆ ದಾರ ಕಟ್ಟಿ, ಹೊಸ ನುಚ್ಚು ತುಂಬಿ, ಗೂಡಿನ ಸೂರಿನಿಂದ ಇಳಿಬಿಟ್ಟರು. ಪತ್ರಿಕೆ ಬಿಡಿಸಿಕೊಂಡು ದೂರದಲ್ಲಿ ಕಾವಲು ಕೂತರು.

ಗುಂಡು ಮತ್ತು ತುಂಟಿ ತಲೆ ಎತ್ತಿ, ಸ್ಟಾಪಿನಲ್ಲಿ ನಿಲ್ಲದೆ ಹೋದ ಬಸ್ಸನ್ನು ನೋಡುವವರ ಹಾಗೆ ಆ ಬಟ್ಟಲನ್ನು ನೋಡಿದವು. ಅಷ್ಟರಲ್ಲಿ ಬೆಳಗಿನ ಆ ಇಲಿ ದೊಡ್ಡಪ್ಪ ಬಂದ. ಜಾಲರಿ ಹತ್ತಿ, ಸೂರು ಸೇರಿ, ದಾರದ ಮೇಲೆ ತಲೆಕೆಳಗಾಗಿ ಇಳಿದು ಬಟ್ಟಲಿನಲ್ಲೇ ಕೂತುಬಿಟ್ಟ. ಬಟ್ಟಲು ಉಯ್ಯಾಲೆಯಂತೆ ತೂಗಿತು. ತೂಗಿದಾಗ ನಾಲ್ಕು ಕಾಳು ಕೆಳಗೆ ಉದುರಿದವು; ಗುಂಡು ತುಂಟಿ ಅವನ್ನು ಆರಿಸಿ ತಿಂದವು. ಈಗ ಮನೆಯ ಪ್ರಾಣಿಗಳಿಗೆ ಇಲಿಯೇ ಪಡಿ ಅಳೆದು ಕೊಡುವ ಹಾಗಾಯಿತು.

"ನಾನು ಆಗಲಿಂದ ನೋಡ್ತಾನೇ ಇದೀನಿ," ಎಂಬ ಧ್ವನಿ ಮೇಲಿಂದ ಬಂತು.

ಮಹಡಿಯ ಬಾಲ್ಕನಿಯಲ್ಲಿ ಗೋದಾಮಿನ ಯಜಮಾನರು ಕೈಕಟ್ಟಿ ನಿಂತಿದ್ದರು. ಬದುಕಿನ ಬಹುಭಾಗ ಧಾನ್ಯದ ಗೋದಾಮು ನೋಡಿಕೊಂಡು ನಿವೃತ್ತರಾದವರು. ಅವರ ಯಾವ ಮಾತೂ 'ನಮ್ಮ ಗೋದಾಮಲ್ಲಿ' ಎನ್ನದೆ ಶುರುವಾಗುತ್ತಿರಲಿಲ್ಲ.

"ನಮ್ಮ ಗೋದಾಮಲ್ಲಿ ಇಂಥ ಸರ್ಕಸ್ಸೆಲ್ಲ ಇರಲಿಲ್ಲ. ಕಾಳು ಎಲ್ಲಿಟ್ಟಿದೀರಿ?"

"ಪ್ಲಾಸ್ಟಿಕ್ ಡಬ್ಬದಲ್ಲಿ, ಯಜಮಾನ್ರೇ. ಹಿಂದಿನ ಜಗುಲೀಲಿ."

"ಡಬ್ಬದ ತಳ ನೋಡಿ."

ನೋಡಿದರು. ತಳದಲ್ಲಿ ಮುಷ್ಟಿ ಹೋಗುವಷ್ಟು ತೂತು.

"ಇಲಿ ಹಲ್ಲಿಗೆ ಪ್ಲಾಸ್ಟಿಕ್ ಅಂದ್ರೆ ಬಿಸ್ಕತ್ತು ಇದ್ದ ಹಾಗೆ. ತಗಡಿನ ಡ್ರಮ್ ತನ್ನಿ. ಮುಚ್ಚಳ ಬಿಗಿಯಾಗಿರಬೇಕು. ಗೂಡಿಗೂ ಸಣ್ಣ ಕಣ್ಣಿನ ಜಾಲರಿ ಬಡೀರಿ. ನಿಮ್ಮ ಈಗಿನ ಜಾಲರೀಲಿ ಇಲಿ ಏನು, ಮನಸ್ಸು ಮಾಡಿದ್ರೆ ನಾನೂ ತೂರ್ತೀನಿ."

ಟೈಮ್‌ಕೀಪರ್ರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ತಗಡಿನ ಡ್ರಮ್ಮನ್ನೂ ಒಂದು ಸುರುಳಿ ಜಾಲರಿಯನ್ನೂ ಹೊತ್ತು ತಂದರು. ಡಬ್ಬದಲ್ಲಿ ಉಳಿದ ನುಚ್ಚು, ತಿನಿಸಿನ ಗುಳಿಗೆ, ಒಣ ಬಟಾಣಿ ಎಲ್ಲವನ್ನೂ ಡ್ರಮ್ಮಿಗೆ ಸುರಿದರು. ಮುಚ್ಚಳ ಮಾತ್ರ ಕೂಡಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು.

"ಅದರ ಮೇಲೆ ಕೂತ್ಕೊಳ್ರಿ," ಎಂದರು ಯಜಮಾನರು ಮೇಲಿಂದ.

ಟೈಮ್‌ಕೀಪರ್ರು ಕೂತರು. ಸಾಲದೆಂದು ಒಮ್ಮೆ ಎದ್ದು ಧೊಪ್ಪನೆ ಕೂತರು. 'ಟಕ್' ಎಂದು ಮುಚ್ಚಳ ಕೂಡಿತು.

ಅದು ಎಷ್ಟು ಚೆನ್ನಾಗಿ ಕೂಡಿದೆ ಎಂಬುದು ಗುಂಡು ತುಂಟಿಗೆ ಒಂದು ಹಿಡಿ ಕಾಳು ತೆಗೆಯಲು ಹೋದಾಗ ಗೊತ್ತಾಯಿತು. ಉಗುರು ಹಾಕಿದರು, ಉಗುರು ಮುರಿಯಿತು. ಚಮಚ ಹಾಕಿದರು, ಚಮಚ ಬಾಗಿ ಪ್ರಶ್ನಾರ್ಥಕ ಚಿಹ್ನೆಯಾಯಿತು. ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿಗೆ ತಗುಲಿತು.

"ನಮ್ಮ ಗೋದಾಮಲ್ಲೂ ಹೀಗೇ," ಎಂದರು ಯಜಮಾನರು ತೃಪ್ತಿಯಿಂದ. "ಒಳಗಿನ ಕಾಳು ಭದ್ರ."

"ನೀವು ಹೇಗೆ ತೆಗೀತಿದ್ರಿ?"

"ಅದಕ್ಕೆ ಬೇರೆ ಆಳಿದ್ದ. ಅವನೂ ರಿಟೈರ್ ಆದ."

ಟೈಮ್‌ಕೀಪರ್ರು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಅಡುಗೆಮನೆಯಿಂದ ಒಂದು ಗಜ್ಜರಿ ತಂದು ಗೂಡಿಗೆ ಹಾಕಿದರು. ಅದನ್ನು ಹಾಕಿದ್ದೇ ತಡ, ದೊಡ್ಡಪ್ಪ ಗೋಡೆಯ ಬುಡದಿಂದ ಮೂತಿ ಹೊರಹಾಕಿ, ಗಜ್ಜರಿಯಾದರೂ ಆದೀತು ಎಂಬಂತೆ ಗಾಳಿ ಮೂಸಿದ.

ಆಗ ಪಕ್ಕದ ಗೋಡೆಯ ಮೇಲೆ ಪಾರ್ಲರ್ ಅಕ್ಕನ ತಲೆ ಕಾಣಿಸಿತು. ಆಕೆಯ ಬ್ಯೂಟಿ ಪಾರ್ಲರ್ ಇದ್ದದ್ದು ಪಕ್ಕದ ಮನೆಯಲ್ಲಿ. ಗಿರಾಕಿಯೊಬ್ಬಳ ಒಂದು ಹುಬ್ಬನ್ನು ತಿದ್ದಿ ಮುಗಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಬಂದಿದ್ದಳು. ಕುತೂಹಲ ತಡೆಯುವುದು ಆಕೆಯ ಕೈಲಿ ಆಗದ ಕೆಲಸ.

"ಏನಣ್ಣಾ, ಬೆಳಿಗ್ಗೆಯಿಂದ ತಗಡು ಬಡೀತಿದೀರಿ? ಇಲಿ ತಾನೇ? ಖಾರದ ಪುಡಿ ಹಾಕಿ. ಗೂಡಿನ ಸುತ್ತ ಒಂದು ಗೆರೆ ಎಳೆದುಬಿಡಿ. ಇಲಿ ಮೂಗು ಬಲು ಸೂಕ್ಷ್ಮ, ಗೆರೆ ದಾಟೋದಿಲ್ಲ."

ಗೋಡೆಯಾಚೆಯಿಂದ ಅರ್ಧ ಸುಂದರಿಯಾದ ಗಿರಾಕಿಯೂ "ಹೌದು, ನಮ್ಮತ್ತೆ ಮನೇಲೂ ಹಾಗೇ ಮಾಡಿದ್ವಿ," ಎಂದು ದನಿಗೂಡಿಸಿದಳು.

ಇಬ್ಬರು ಹೆಂಗಸರು ಒಂದೇ ಮಾತು ಹೇಳಿದ ಮೇಲೆ ಅದು ಸುಳ್ಳಾಗಲು ಸಾಧ್ಯವೇ? ಟೈಮ್‌ಕೀಪರ್ರು ಅಡುಗೆಮನೆಯ ಖಾರದ ಪುಡಿಯ ಡಬ್ಬಿ ತಂದು ಗೂಡಿನ ಸುತ್ತ ಉದಾರವಾಗಿ ಸುರಿದರು. ಡಬ್ಬಿ ಬರಿದಾಯಿತು. ಕೆಂಪು ಗೆರೆ ಅಚ್ಚುಕಟ್ಟಾಗಿ ಮೂಡಿತು. ಅವರು ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ ಮುಗುಳ್ನಕ್ಕಾಗ ಗಾಳಿ ಬೀಸಿತು.

ಗೆರೆ ಎದ್ದು ನಡೆಯಿತು. ಒಂದಿಷ್ಟು ಟೈಮ್‌ಕೀಪರ್ರ ಮೂಗಿಗೆ, ಒಂದಿಷ್ಟು ಗೂಡಿಗೆ, ಮಿಕ್ಕಿದ್ದು ಮಾಲೀಕಮ್ಮನ ಒದ್ದೆ ಮೇಲುಹಾಸುಗಳಿಗೆ. ಗುಂಡು ತುಂಟಿ 'ಪಿಚ್, ಪಿಚ್' ಎಂದು ಕಡಲೆಕಾಳಿನಷ್ಟು ಸೀನು ಸೀನತೊಡಗಿದವು. ಟೈಮ್‌ಕೀಪರ್ರು ಅವನ್ನು ಎತ್ತಿ ಒಳಗೆ ಒಯ್ದು, ಮೂತಿ ಒರೆಸಿ, ಬೀಸಣಿಗೆ ಬೀಸಿ, ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ ಹೊರಬರುವ ಹೊತ್ತಿಗೆ ಮಾಲೀಕಮ್ಮ ತಂತಿಯ ಮುಂದೆ ನಿಂತಿದ್ದರು.

"ನಾನು ಹಾಕಿದ್ದು ಬಿಳಿ ಬಟ್ಟೆ," ಎಂದರು ಅವರು. ಇನ್ನೂ ಏನೋ ಹೇಳಲಿದ್ದರು, ಸೀನು ಬಂತು.

"ನಾನೇ ಒಗೆದು ಹಾಕ್ತೀನಮ್ಮ."

"ಅಳಬೇಡಿ, ಒಗೆದ್ರೆ ಸಾಕು."

ಕೆಂಪು ಬಿಡುವವರೆಗೂ ಅವರು ಮೇಲುಹಾಸು ಒಗೆದರು. ಅಷ್ಟೂ ಹೊತ್ತು ಪಾರ್ಲರ್ ಅಕ್ಕ ಗೋಡೆಯ ಮೇಲೆ ಗಲ್ಲವಿಟ್ಟು ಅನುಕಂಪ ಸೂಚಿಸುತ್ತಿದ್ದಳು. ಕೊನೆಗೆ, "ಪುಡಿ ಗಿಡಿ ಬೇಡಣ್ಣಾ, ತಪ್ಪು ನಂದೇ. ಬೆಕ್ಕು ಇರೋ ಮನೇಲಿ ಇದ್ಕೊಂಡು ಪುಡಿ ಯಾಕೆ ಹೇಳಿದ್ನೋ. ನಮ್ಮ ಸುಂದ್ರೀನ ತರ್ತೀನಿ," ಎಂದಳು.

ಸುಂದರಿ ಬಂತು. ದಿಂಬಿನಷ್ಟು ಗಾತ್ರ, ಮೈತುಂಬ ಪೌಡರಿನ ವಾಸನೆ. ಹುಟ್ಟಿದಾಗಿನಿಂದ ಪಾರ್ಲರಿನ ಸ್ಟೂಲಿನ ಮೇಲೆ ಕೂತು, ಗಿರಾಕಿಗಳ ಕೈಯಿಂದ ಕ್ರೀಮ್ ಬಿಸ್ಕತ್ತು ತಿಂದು ಬೆಳೆದ ಬೆಕ್ಕು. ಪಾರ್ಲರ್ ಅಕ್ಕ ಅದನ್ನು ಗೂಡಿನ ಮುಂದೆ ಇಳಿಸಿ, "ಹೂಂ, ಹಿಡಿ," ಎಂದಳು. ಸುಂದರಿ ತನ್ನ ಪಾದ ನೆಕ್ಕಿಕೊಂಡಿತು.

ದೊಡ್ಡಪ್ಪ ಸಂದಿನಿಂದ ಹೊರಬಂದ. ಸುಂದರಿ ನೋಡಿತು. ದೊಡ್ಡಪ್ಪನೂ ನೋಡಿದ. ಅವನು ಒಂದು ಹೆಜ್ಜೆ ಮುಂದಿಟ್ಟ. ಸುಂದರಿ ಎರಡು ಹೆಜ್ಜೆ ಹಿಂದಿಟ್ಟು ಪಾರ್ಲರ್ ಅಕ್ಕನ ಕಾಲಿನ ಮರೆಗೆ ಸರಿಯಿತು. ಧೈರ್ಯ ತುಂಬಲು ಅಕ್ಕ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ಆಗಲೇ ಗೂಡಿಗೆ ಮರಳಿದ್ದ ಗುಂಡು ತುಂಟಿಗೆ ಆ ಚರಪರ ಸದ್ದು ಸಾಕಾಯಿತು. ಯಾವ ಪೊಟ್ಟಣ ಬಿಚ್ಚಿದರೂ ಅದು ತಮ್ಮದೇ ಎಂದು ನಂಬಿದ್ದ ಅವು ಒಟ್ಟಿಗೇ ಕುಯ್ಯೆಂದು ಕೂಗಿದವು.

ಡಿಪೋದ ಎಲ್ಲ ಸೀಟಿಗಳನ್ನೂ ಒಂದೇ ಸಲ ಊದಿದಂತಿದ್ದ ಆ ಕೂಗಿಗೆ ಸುಂದರಿ ನೆಗೆಯಿತು. ಹತ್ತಿರದಲ್ಲಿ ಮರವಿರಲಿಲ್ಲ, ಟೈಮ್‌ಕೀಪರ್ರಿದ್ದರು. ಅವರ ಮೊಣಕಾಲು, ಹೊಟ್ಟೆ, ಹೆಗಲು, ಕೆನ್ನೆ ಎಂದು ಒಂದೊಂದೇ ಮೆಟ್ಟಿಲು ಹತ್ತಿ, ನೆತ್ತಿಯಿಂದ ಹಾರಿ ನೀರಿನ ಟ್ಯಾಂಕಿನ ಮೇಲೆ ಕೂತು ಆಕಾಶ ಬಿರಿಯುವಂತೆ ಅಳತೊಡಗಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದ ಹಿರಿಯರು ಈ ಬೆಕ್ಕನ್ನು ಕಂಡವರಲ್ಲ.

ಏಣಿ ತಂದು ಅದನ್ನು ಇಳಿಸಿದ್ದೂ ಟೈಮ್‌ಕೀಪರ್ರೇ. ಇಳಿಯುವಾಗ ಅದು ಇನ್ನೊಂದು ಕೆನ್ನೆಗೂ ನ್ಯಾಯ ಒದಗಿಸಿತು.

"ಪಾಪ, ಹೆದರಿಬಿಟ್ಟಿದೆ," ಎಂದು ಪಾರ್ಲರ್ ಅಕ್ಕ ಬೆಕ್ಕನ್ನು ಎದೆಗವಚಿಕೊಂಡಳು. "ನಿಮ್ಮ ಮುಖಕ್ಕೆ ನಮ್ಮಲ್ಲಿ ಕ್ರೀಮ್ ಇದೆ ಅಣ್ಣಾ, ಆಮೇಲೆ ಬಂದು ಹಚ್ಚಿಸ್ಕೊಳ್ಳಿ."

ಊಟದ ಹೊತ್ತು ಮೀರಿತ್ತು. ಯಜಮಾನರು ಮೇಲೆ ನಿದ್ದೆಗೆ ಜಾರಿದರು, ಅಕ್ಕ ಇನ್ನೊಂದು ಹುಬ್ಬಿಗೆ ಮರಳಿದಳು. ಸಲಹೆ ಕೊಡುವವರು ಯಾರೂ ಇಲ್ಲದ ಆ ಸುಖದ ಗಳಿಗೆಯಲ್ಲಿ ಟೈಮ್‌ಕೀಪರ್ರಿಗೆ ತಾನಾಗಿ ಬುದ್ಧಿ ಓಡಿತು. ಕಾಳಿದ್ದರೆ ತಾನೆ ಇಲಿ? ಒಂದು ಕಾಳೂ ಸಿಗದ ಹಾಗೆ ಮಾಡಿದರೆ?

ಅಂಗಿ ಕಳಚಿಟ್ಟು ಕೆಲಸಕ್ಕಿಳಿದರು. ಗೂಡಿನ ಹಳೆಯ ಜಾಲರಿಯ ಮೇಲೆ ಸಣ್ಣ ಕಣ್ಣಿನ ಹೊಸ ಜಾಲರಿ ಬಿಗಿದು, ಅಂಗೈ ಅಗಲಕ್ಕೊಂದು ಮೊಳೆ ಹೊಡೆದರು. ತಳದಲ್ಲಿ ಉದುರಿದ್ದ ಹುಲ್ಲು, ಹಿಕ್ಕೆ, ಹೊಟ್ಟು ಎಲ್ಲ ಬಳಿದರು. ಹಿತ್ತಿಲನ್ನು ಗೋಡೆಯಿಂದ ಗೋಡೆಗೆ ಗುಡಿಸಿ, ಕಲ್ಲಿನ ಸಂದಿನಲ್ಲಿ ಕೂತ ಕಾಳನ್ನು ಕಡ್ಡಿಯಿಂದ ಕೆದಕಿ ತೆಗೆದು, ಪೈಪು ಹಿಡಿದು ತೊಳೆದರು. ಡ್ರಮ್ಮನ್ನು ಮನೆಯೊಳಗೆ ಸಾಗಿಸಿದರು. ಗುಂಡು ತುಂಟಿಗೆ ಹುಲ್ಲನ್ನೂ ಗಜ್ಜರಿಯನ್ನೂ ಕೈಯಾರೆ ತಿನ್ನಿಸಿ, ತಿಂದು ಉಳಿದ ಚೂರನ್ನು ಜೇಬಿಗೆ ಹಾಕಿಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲು ಅವರ ಹೆಂಡತಿಯ ಆಸ್ಪತ್ರೆಯ ಆಪರೇಷನ್ ಕೋಣೆಯಂತೆ ಹೊಳೆಯುತ್ತಿತ್ತು.

ದೊಡ್ಡಪ್ಪ ಬಂದ. ಗೂಡನ್ನು ಒಂದು ಸುತ್ತು ಹಾಕಿದ, ಹೊಸ ಜಾಲರಿಯನ್ನು ಕಚ್ಚಿ ನೋಡಿದ, ತೊಳೆದ ಕಲ್ಲನ್ನು ಮೂಸಿದ. ಆಮೇಲೆ ಟೈಮ್‌ಕೀಪರ್ರತ್ತ ಒಂದು ನೋಟ ಬೀರಿದ. ಊಟದ ಎಲೆಯಿಂದ ಎಬ್ಬಿಸಿಕೊಂಡವನ ನೋಟ ಅದು. ಅವನು ಗೋಡೆಯ ಬುಡದಲ್ಲಿ ಹೊರಟಾಗ ಹಿಂದೆಯೇ ಇನ್ನೊಂದು ಇಲಿ, ಅದರ ಹಿಂದೆ ಮರಿಗಳ ಸಾಲು. ಗಂಟುಮೂಟೆ ಕಟ್ಟಿದ ಸಂಸಾರದ ಹಾಗೆ ಅವೆಲ್ಲ ಮನೆಯ ಮೂಲೆಯಲ್ಲಿ ಮುಂಭಾಗದ ಕಡೆ ತಿರುಗಿ ಮರೆಯಾದವು.

ಟೈಮ್‌ಕೀಪರ್ರಿಗೆ ಎದೆ ತುಂಬಿ ಬಂತು. ಸೀಟಿ ತೆಗೆದು ಮೆಲ್ಲಗೆ ಒಂದು ಸಲ ಊದಿ ಅವನ್ನು ಬೀಳ್ಕೊಟ್ಟರು.

ಸಂಜೆ ಹಲ್ಲಿನ ಡಾಕ್ಟರು ಬಂದರು. ಸಣಕಲು ಮೈಯ, ಮೆದುಮಾತಿನ ಮನುಷ್ಯ. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಹಿತ್ತಿಲಿಗೆ ಕಾಲಿಟ್ಟ ಕೂಡಲೇ, "ಎಷ್ಟು ಚೊಕ್ಕವಾಗಿದೆ," ಎಂದರು.

"ನಮ್ಮ ಟೈಮ್‌ಕೀಪರ್ರು ಬಹಳ ಶಿಸ್ತಿನವರು," ಎಂದರು ಮಾಲೀಕಮ್ಮ. ಬೆಳಿಗ್ಗೆಯ ಮಾಲೀಕಮ್ಮನಿಗೂ ಇವರಿಗೂ ಏನೂ ಸಂಬಂಧವಿದ್ದಂತೆ ತೋರಲಿಲ್ಲ.

ಡಾಕ್ಟರು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಟಿಯ ಮೂತಿ ನೋಡಿ ಹಿಗ್ಗಿದರು. "ಇವುಗಳ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಗೊತ್ತಾ? ದೇವರು ಮನುಷ್ಯರಿಗೆ ಹಾಗೆ ಮಾಡಲಿಲ್ಲ. ನಮ್ಮಂಥೋರ ಹೊಟ್ಟೆಪಾಡು ನೋಡಿದ ಅಂತ ಕಾಣುತ್ತೆ."

ಕೋಣೆ ಒಪ್ಪಿಗೆಯಾಯಿತು, ಹಿತ್ತಲೂ ಒಪ್ಪಿಗೆಯಾಯಿತು. ಮಾತು ಮುಗಿಸಲು ಎಲ್ಲರೂ ಮಾಲೀಕಮ್ಮನ ಹಜಾರಕ್ಕೆ ನಡೆದರು. ಮನೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಲೆಂದು ಮಾಲೀಕಮ್ಮ ಯಜಮಾನರನ್ನೂ ಪಾರ್ಲರ್ ಅಕ್ಕನನ್ನೂ ಮೊದಲೇ ಕರೆದು ಕೂರಿಸಿದ್ದರು. ಟೈಮ್‌ಕೀಪರ್ರಿಗೂ ಕುರ್ಚಿ ಸಿಕ್ಕಿತು. ಆ ಮನೆಯಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಚಹಾ ಬಂತು, ಮಾಲೀಕಮ್ಮ ಕೈಯಾರೆ ಮಾಡಿದ ಕೇಕು ಬಂತು.

"ಸಿಹಿ ತಿನ್ನಬೇಡಿ ಅಂತ ಊರಿಗೆಲ್ಲ ಹೇಳೋದು ನಾನೇ," ಎಂದು ಡಾಕ್ಟರು ಎರಡನೆಯ ಚೂರಿಗೆ ಕೈ ಹಾಕಿದರು.

ಅಡುಗೆಮನೆಯಲ್ಲಿ 'ಠಣ್' ಎಂದು ತಟ್ಟೆಯೊಂದು ಬಿತ್ತು.

"ಗಾಳಿ," ಎಂದರು ಮಾಲೀಕಮ್ಮ.

ಗಾಳಿಗೆ ಬಾಲವಿತ್ತು. ಅದು ಅಡುಗೆಮನೆಯ ಹೊಸ್ತಿಲು ದಾಟಿ, ಹಜಾರದ ನಡುವೆ ಒಂದು ಗಳಿಗೆ ನಿಂತು, ಮೇಜಿನ ಕಾಲು ಹಿಡಿದು ಮೇಲೆ ಬಂತು. ಸಾಲಾಗಿ ಕೂತ ಮುಖಗಳನ್ನೆಲ್ಲ ನೋಡಿ, ಗುರುತಿನವರೊಬ್ಬರು ಕಂಡದ್ದಕ್ಕೋ ಏನೋ, ಸರಿಯಾಗಿ ಟೈಮ್‌ಕೀಪರ್ರ ಎದುರಿಗೇ ಕೂತು ಎರಡೂ ಕೈಯಲ್ಲಿ ಕೇಕು ಹಿಡಿಯಿತು. ಅದರ ಹೆಂಡತಿ ಸಕ್ಕರೆ ಬಟ್ಟಲಿನ ಹತ್ತಿರ ತಲೆಯೆತ್ತಿತು. ಮರಿಗಳು ಸೋಫಾದ ಅಡಿಯಲ್ಲಿ ಡಾಕ್ಟರ ಬೂಟಿನ ದಾರ ಪರೀಕ್ಷಿಸುತ್ತಿದ್ದವು.

ಡಾಕ್ಟರು ಎರಡೂ ಕಾಲನ್ನು ಸೋಫಾದ ಮೇಲೆ ಎಳೆದುಕೊಂಡರು. ಹಾಗೇ ಕೂತು, ಸಭ್ಯತೆ ಬಿಡದೆ, "ಕೋಣೆ ತುಂಬ ಚೆನ್ನಾಗಿದೆಯಮ್ಮ," ಎಂದರು. "ಆದರೆ ನನ್ನ ಪೇಷೆಂಟುಗಳು ಬಾಯಿ ತೆರ್ಕೊಂಡು, ಕಣ್ಣು ಮುಚ್ಕೊಂಡು ಮಲಗಿರ್ತಾರೆ. ನೀವೇ ಯೋಚನೆ ಮಾಡಿ."

ಎಲ್ಲರೂ ಯೋಚನೆ ಮಾಡಿದರು. ಯೋಚಿಸಿ ಬಾಯಿ ಮುಚ್ಚಿಕೊಂಡರು. ಡಾಕ್ಟರು ಸೋಫಾದಿಂದ ಬಾಗಿಲಿನವರೆಗೆ ತುದಿಗಾಲಲ್ಲಿ ನಡೆದು ಹೋದರು.

ಕಾರಿನ ಸದ್ದು ಅಡಗಿದ ಮೇಲೆ ಮಾಲೀಕಮ್ಮ, "ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಒಂದೇ ಒಂದು ಇಲಿ ಒಳಗೆ ಬಂದಿದ್ದಿಲ್ಲ," ಎಂದರು ಕುಗ್ಗಿದ ದನಿಯಲ್ಲಿ. "ಇವತ್ತೇ ಯಾಕೆ ಬಂದ್ವು?"

ಯಜಮಾನರು ಗಂಟಲು ಸರಿಮಾಡಿಕೊಂಡರು. "ಬರದೆ ಏನು ಮಾಡ್ತಾವೆ? ಹೊರಗಡೆ ಇದ್ದ ಊಟ ಇವರು ಕಿತ್ಕೊಂಡ್ರು. ನಮ್ಮ ಗೋದಾಮಲ್ಲಿ ಹಿಂದಿನ ಗೋಡೆ ಹತ್ರ ಒಂದು ಮೂಟೆ ಬಿಚ್ಚಿ ಇಡ್ತಿದ್ವಿ, ಇಲಿಗಳ ಪಾಲು ಅಂತ. ಅದು ಇರೋವರೆಗೂ ಒಳಗಿನ ಮೂಟೆಗೆ ಒಂದೂ ಬಾಯಿ ಹಾಕಿದ್ದಿಲ್ಲ."

ಟೈಮ್‌ಕೀಪರ್ರು ಗೀರುಬಿದ್ದ ಮುಖ ಎತ್ತಿದರು. "ಇದನ್ನ ಬೆಳಿಗ್ಗೆ ಹೇಳಬಾರದಿತ್ತಾ ಯಜಮಾನ್ರೇ?"

"ಬೆಳಿಗ್ಗೆ ನೀವು ಕೇಳಿದ್ದು ಕಾಳು ಉಳಿಸೋದು ಹೇಗೆ ಅಂತ. ಮನೆ ಉಳಿಸೋದು ಹೇಗೆ ಅಂತ ಯಾರು ಕೇಳಿದ್ರು?"

ತೀರ್ಪು ಹೇಳಲು ಮಾಲೀಕಮ್ಮ ಹೊತ್ತು ತೆಗೆದುಕೊಳ್ಳಲಿಲ್ಲ. "ಸರಿ. ಇನ್ನು ಮುಂದೆ ದಿನಾ ನೀವು ಇಲಿಗಳಿಗೆ ಊಟ ಹಾಕ್ಬೇಕು. ಹಿತ್ತಲಲ್ಲಿ, ಹೊತ್ತಿಗೆ ಸರಿಯಾಗಿ."

"ಮತ್ತೆ ಗೂಡು?"

"ಗೂಡು ಅಲ್ಲೇ ಇರ್ಲಿ. ಇಲಿಗಳಿಗೆ ಗೊತ್ತಿರೋ ವಿಳಾಸ ಅದೊಂದೇ."

ಕಾಳಿಗಾಗಿ ಡ್ರಮ್ಮನ್ನು ಹೊರಗೆ ತಂದರು. ಯಜಮಾನರು ಹಿಡಿದುಕೊಂಡರು, ಟೈಮ್‌ಕೀಪರ್ರು ಎಳೆದರು, ಪಾರ್ಲರ್ ಅಕ್ಕ ಹುಬ್ಬಿನ ಕತ್ತರಿ ಹಾಕಿ ಮೀಟಿದಳು. ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮಾಲೀಕಮ್ಮ ನಿಟ್ಟುಸಿರು ಬಿಟ್ಟು, ಮಿಕ್ಕ ಕೇಕನ್ನು ತಟ್ಟೆಸಮೇತ ತಂದು ಟೈಮ್‌ಕೀಪರ್ರ ಕೈಗಿಟ್ಟರು.

ಮುಸ್ಸಂಜೆಯ ಮಬ್ಬಿನಲ್ಲಿ ಟೈಮ್‌ಕೀಪರ್ರು ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ತಟ್ಟೆಯನ್ನು ಮುಂದಿಟ್ಟುಕೊಂಡರು. ಇಲಿಗಳ ಸುಳಿವಿಲ್ಲ. ಮಾಲೀಕಮ್ಮ ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು.

"ಬಂದ್ವಾ?"

"ಇಲ್ಲಮ್ಮ."

"ಇಲ್ಲಿ ಸಕ್ಕರೆ ಡಬ್ಬಿ ಹತ್ರ ಕೂತಿದಾವೆ. ಕರೀರಿ."

"ಏನಂತ ಕರೀಲಿ?"

"ಪ್ರೀತಿಯಿಂದ ಕರೀರಿ. ಬೆಳಿಗ್ಗೆಯಿಂದ ಅಟ್ಟಿದೀರಿ, ಮುನಿಸ್ಕೊಂಡಿರ್ತಾವೆ."

ಟೈಮ್‌ಕೀಪರ್ರು ಆಚೀಚೆ ನೋಡಿ, ನಾಲಿಗೆಯಿಂದ 'ಚ್ಚು ಚ್ಚು' ಎಂದರು. ಏನೂ ಅಲುಗಲಿಲ್ಲ. "ಬಾ," ಎಂದರು. ಆಮೇಲೆ, "ಬಾರೋ," ಎಂದರು. ದಿನವಿಡೀ ಬಗ್ಗಿ ಎದ್ದು ಸೋತ ಮೈ. ದನಿ ತಾನಾಗಿಯೇ ಮೆತ್ತಗಾಯಿತು. "ಬಾರೋ ರಾಜಾ. ನಿನ್ನ ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬಾ. ತಪ್ಪಾಯ್ತು, ಇನ್ಮೇಲೆ ಹಾಗೆಲ್ಲ ಮಾಡಲ್ಲ. ನೀನಿಲ್ದೆ ಹಿತ್ತಲು ಹೇಗೆ ಬಣಗುಟ್ಟುತ್ತೆ ನೋಡು. ಬಾ ನನ್ನ ಬಂಗಾರ."

"ಯಾರನ್ನ ಕರೀತಿದೀರಿ?"

ಹಿಂದೆ ಹೆಂಡತಿ ನಿಂತಿದ್ದಳು, ಆಸ್ಪತ್ರೆಯ ಚೀಲ ಹೆಗಲಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಇಲೀನ," ಎಂದರು ಟೈಮ್‌ಕೀಪರ್ರು. ಬೇರೆ ಉತ್ತರ ಹೊಳೆಯಲಿಲ್ಲ. "ಎಲ್ಲ ಸರಿಹೋಯ್ತು. ಗೂಡು ಇಲ್ಲೇ ಇರುತ್ತೆ, ಮಾಲೀಕಮ್ಮ ಒಪ್ಪಿದ್ರು. ಗುಂಡು ತುಂಟಿ ಎಲ್ಲೂ ಹೋಗ್ಬೇಕಾಗಿಲ್ಲ."

ಆಕೆ ಗೂಡನ್ನು ನೋಡಿದಳು, ಕೇಕನ್ನು ನೋಡಿದಳು, ಗಂಡನನ್ನು ನೋಡಿದಳು.

"ನಾನು ಮುನಿಸ್ಕೊಂಡು ಅಕ್ಕನ ಮನೆಗೆ ಹೋದಾಗೆಲ್ಲ ಕರ್ಕೊಂಡು ಬರೋಕೆ ಅಂತ ಬಂದಿದೀರಿ. ಗೇಟಿನಲ್ಲಿ ನಿಂತು ಏನಂದ್ರಿ, ಜ್ಞಾಪಕ ಇದೆಯಾ? 'ಬಸ್ಸಿಗೆ ಹೊತ್ತಾಯ್ತು' ಅಂದ್ರಿ. ಬಂದಾಗೆಲ್ಲ ಅದೇ ಮಾತು. ನಾನು ಅಂದ್ಕೊಂಡಿದ್ದೆ, ಪಾಪ, ಇವರಿಗೆ ಬೇರೆ ಥರ ಕರೆಯೋಕೆ ಬರೋದೇ ಇಲ್ಲ ಅಂತ."

"ಅದು ಹಾಗಲ್ಲ..."

"ಬರುತ್ತೆ. ಚೆನ್ನಾಗೇ ಬರುತ್ತೆ." ಆಕೆ ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. "ನಾನು ಅಕ್ಕನ ಮನೇಲಿರ್ತೀನಿ. ಗುಂಡು ತುಂಟಿಗೆ ಹೊತ್ತಿಗೆ ಸರಿಯಾಗಿ ಹಾಕಿ. ಬಂದು ಕರೆಯೋದಾದ್ರೆ ಈಗ ಕರೆದ್ರಲ್ಲ, ಹಾಗೇ ಕರೀಬೇಕು. ಅಕ್ಕ ಭಾವ ಇಬ್ರೂ ಕೇಳೋ ಹಾಗೆ."

ಆಕೆ ಗೇಟಿನ ಕಡೆ ತಿರುಗಿದಳು. ಟೈಮ್‌ಕೀಪರ್ರು ನೆಲಕ್ಕೆ ಕೈಯೂರಿ ಏಳಲು ಹೊರಟಾಗ ಗೋಡೆಯ ಬುಡದಲ್ಲಿ ಏನೋ ಸರಿದಾಡಿತು. ದೊಡ್ಡಪ್ಪ ಮೂತಿ ಹೊರಹಾಕಿ, ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಹೆಜ್ಜೆ ಇಟ್ಟ.

"ಅಲ್ಲಾಡ್ಬೇಡಿ ಟೈಮ್‌ಕೀಪರ್ರೇ," ಎಂದು ಕಿಟಕಿಯಿಂದ ಮಾಲೀಕಮ್ಮ ಪಿಸುಗುಟ್ಟಿದರು. "ಹಾಗೇ ಇರಿ, ಉಸಿರೂ ಬಿಡ್ಬೇಡಿ. ಹಿಂದೆ ಎಲ್ಲರೂ ಬರ್ತಿದಾರೆ."

ಟೈಮ್‌ಕೀಪರ್ರು ಅರ್ಧ ಎದ್ದವರು ಅರ್ಧದಲ್ಲೇ ನಿಂತರು. ಮುಂದೆ ಇಲಿಯ ಸಂಸಾರ ಒಂದೊಂದಾಗಿ ಬಂದು ತಟ್ಟೆಯ ಸುತ್ತ ಕೂತಿತು. ಹಿಂದೆ ಗೇಟು ಕಿರ್ರೆಂದು ತೆರೆದುಕೊಂಡು, ಮತ್ತೆ ಮುಚ್ಚಿಕೊಂಡಿತು.